ಅನ್ನಪೂರ್ಣೆಯ ಹೊಟ್ಟೆಯ ಮೇಲೆ ಮೀನು

ಪೆನ್ನಿನ ಮೊನೆಯನ್ನು ತಲೆಗೂದಲಿಗೆ ಒರೆಸುವ ಅಭ್ಯಾಸ ನನ್ನನ್ನು ಇನ್ನೂ ಬಿಟ್ಟಿಲ್ಲ. ಈಗಿನದು ಬಾಲ್ ಪೆನ್ನು, ಅದನ್ನು ಒರೆಸಬೇಕಾದ್ದೇ ಇಲ್ಲ ಎಂದು ಮಗಳು ಶೈಲಾ ಹೇಳಿ ಹೇಳಿ ಸೋತಿದ್ದಾಳೆ. ಒಂದು ಸಾಲು ಮುಗಿದ ಕೂಡಲೇ ಕೈ ತನ್ನಷ್ಟಕ್ಕೆ ಬಲಗಿವಿಯ ಮೇಲಕ್ಕೆ ಹೋಗುತ್ತದೆ. ಅಲ್ಲಿ ಕೂದಲು ಪೂರ್ತಿ ಬೆಳ್ಳಗಾಗಿರುವುದರಿಂದ ನೀಲಿ ಗೆರೆಗಳು ಎದ್ದು ಕಾಣುತ್ತವೆ. ಮೊನ್ನೆ ಒಂದು ಮದುವೆಮನೆಯಲ್ಲಿ ಯಾರೋ, "ನಿಮ್ಮ ಅಮ್ಮ ಕೂದಲಿಗೆ ಎಂತದೋ ಹೊಸ ಬಣ್ಣ ಹಾಕಿಸಿದ್ದಾರೆ?" ಎಂದು ಅವಳನ್ನು ಕೇಳಿದರಂತೆ. ಮನೆಗೆ ಬಂದು ನನ್ನ ಮೇಲೆ ಹಾರಿದಳು.

"ಜನ ನಗ್ತಾರೆ ಅಮ್ಮ."

"ನಗಲಿ ಬಿಡು. ಊಟಕ್ಕೆ ಕಾಯುವಾಗ ಅವರಿಗೂ ಹೊತ್ತು ಹೋಗಬೇಕಲ್ಲ."

ನಿಬ್ಬಿನ ಪೆನ್ನಿನಲ್ಲಿ ಬರೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಗದದ ಎಳೆ ನಿಬ್ಬಿನ ಸೀಳಿನಲ್ಲಿ ಸಿಕ್ಕಿಕೊಂಡರೆ ಅಕ್ಷರಕ್ಕೆ ಮೀಸೆ ಬರುತ್ತದೆ. ಅದನ್ನು ತೆಗೆಯಲು ಕೂದಲಿನಷ್ಟು ಒಳ್ಳೆಯ ವಸ್ತು ಬೇರೆ ಇರಲಿಲ್ಲ. ತೆಂಗಿನೆಣ್ಣೆ ತಾಗಿದರೆ ಶಾಯಿ ಒಡೆಯುತ್ತದೆ ಎಂದು ನಮ್ಮ ಮೇಷ್ಟ್ರು ಗದರುತ್ತಿದ್ದರು. ಎಣ್ಣೆ ಹಾಕದ ತಲೆ ಆಗ ಊರಿನಲ್ಲಿ ಎಲ್ಲಿತ್ತು? ನಾನಂತೂ ಮುಂದಿನ ಬೆಂಚಿನ ಹುಡುಗಿಯ ಜಡೆಗೂ ಒರೆಸುತ್ತಿದ್ದೆ. ಅವಳ ಜಡೆ ನನ್ನದಕ್ಕಿಂತ ಒಳ್ಳೆಯದಿತ್ತು.

ಈ ಅಭ್ಯಾಸ ಇಷ್ಟು ಗಟ್ಟಿಯಾಗಿ ಅಂಟಿಕೊಳ್ಳಲು ಶಾಲೆಯಷ್ಟೇ ಕಾರಣವಲ್ಲ. ಕೊಚ್ಚಿಯಲ್ಲಿದ್ದಾಗ ನಾನು ಒಂದು ಚಿತ್ರ ಬರೆದೆ. ಬರೆದೆ ಎನ್ನಬೇಕೋ ಬಿಡಿಸಿದೆ ಎನ್ನಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ. ಈ ಒಂದು ಪ್ರಶ್ನೆ ಹಿಡಿದುಕೊಂಡು ತಿರುವನಂತಪುರದಲ್ಲಿ ನಾನು ಇಬ್ಬರು ಹಿರಿಯ ಹೆಂಗಸರ ಎದುರು ನಿಂತು ಜಗಳ ಮಾಡಿದ್ದೂ ಉಂಟು. ಅದನ್ನೇ ಹೇಳಲು ಹೊರಟೆ, ಜಡೆಯ ಮಾತು ಬಂತು.

ನಾವು ಕಾಸರಗೋಡಿನ ಕಡೆಯವರು. ಮದುವೆಯಾದ ಮೇಲೆ ನಮ್ಮವರ ಕೆಲಸದಿಂದಾಗಿ ಕೊಚ್ಚಿಗೆ ಹೋದೆವು. ಊರು ಬಿಟ್ಟು ಕೇರಳಕ್ಕೆ ಬಂದೆನಲ್ಲ ಎಂದು ನಾನು ಅತ್ತು ಮುಗಿಸುವಷ್ಟರಲ್ಲಿ ರಾಜ್ಯಗಳನ್ನು ಹಂಚಿದರು. ನಮ್ಮ ಊರೇ ನಮ್ಮ ಹಿಂದಿನಿಂದ ಕೇರಳಕ್ಕೆ ಬಂತು. "ನೋಡು, ನೀನು ಅತ್ತದ್ದಕ್ಕೆ ಇಡೀ ತಾಲೂಕನ್ನೇ ಕಳಿಸಿಕೊಟ್ಟರು" ಎಂದು ನಮ್ಮವರು ತಮಾಷೆ ಮಾಡುತ್ತಿದ್ದರು. ನಗುತ್ತಿದ್ದರು, ಆದರೆ ಆ ಸುದ್ದಿ ಬಂದ ದಿನ ಅವರು ಊಟ ಸರಿಯಾಗಿ ಮಾಡಿರಲಿಲ್ಲ.

ಅವರದು ಕೇಂದ್ರ ಸರಕಾರದ ಕಚೇರಿ, ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ. ನಮ್ಮ ಬಾಡಿಗೆ ಮನೆ ಈಚೆ ದಡದಲ್ಲಿ. ಬೆಳಿಗ್ಗೆ ಬುತ್ತಿ ಹಿಡಿದು ಬೋಟು ಹತ್ತಿದರೆ ಸಂಜೆಯವರೆಗೆ ನಾನು, ಮಗು, ಉಪ್ಪುನೀರಿನ ಬಾವಿ, ಲೆಕ್ಕವಿಲ್ಲದ ಸೊಳ್ಳೆ. ಓಣಿಯ ಕೊನೆಯಲ್ಲಿ ತ್ರೇಸ್ಯಾ ಎಂಬ ಹೆಂಗಸಿನ ಮನೆ. ಅವಳು ಅಂಗಳದ ತುಂಬ ಚಾಪೆ ಹಾಸಿ ಮೀನು ಒಣಗಿಸುತ್ತಿದ್ದಳು. ನಮ್ಮ ಮೂಗಿಗೆ ಅದು ಹೊಸದು. ನಾನು ಕಿಟಕಿ ಮುಚ್ಚುವುದನ್ನು ಅವಳು ನೋಡುತ್ತಿದ್ದಳು, ಅವಳು ನೋಡುವುದನ್ನು ನಾನು ನೋಡುತ್ತಿದ್ದೆ. ನಮ್ಮ ನಡುವೆ ಅಷ್ಟೇ ಪರಿಚಯ.

ಹೊರಡುವ ದಿನ ನನ್ನ ಅಮ್ಮ ಹೇಳಿದ್ದರು: "ಅಲ್ಲಿ ನಮ್ಮ ದೇವಸ್ಥಾನ ಇಲ್ಲ. ದಿನಾ ಕೂತು ದೇವರ ಹೆಸರು ಬರೆ ಮಗಾ. ಕೈ ಬರೆದರೆ ಮನಸ್ಸು ಹಿಂದಿನಿಂದ ಬರ್ತದೆ."

ಕೈ ಬರೆಯಿತು. ಮನಸ್ಸು ಬರಲಿಲ್ಲ, ಅದು ಒಲೆಯ ಹತ್ತಿರವೇ ಕೂತಿತು. ದೇವರ ಹೆಸರು ಬರೆಯುತ್ತಾ ಬರೆಯುತ್ತಾ ನಾನು ಯೋಚಿಸುತ್ತಿದ್ದದ್ದು ಹಾಲಿನ ಬಗ್ಗೆ. ಈ ಸೆಖೆಗೆ ಹಾಲು ಒಡೆಯದೆ ಉಳಿದದ್ದು ಅವತ್ತಿನ ದೊಡ್ಡ ಸಮಾಧಾನವಾಗಿರುತ್ತಿತ್ತು. ಒಂದು ದಿನ ನನಗೇ ನಾಚಿಕೆಯಾಯಿತು. ಇದೆಂತ ಕಳ್ಳಾಟ, ಬಾಯಲ್ಲೊಂದು ಹೊಟ್ಟೆಯಲ್ಲೊಂದು? ದೇವಿಯ ಹತ್ತಿರ ನೆಟ್ಟಗೆ ಮಾತಾಡಿದರೆ ಏನಾಗುತ್ತದೆ ಎಂದು ಅವತ್ತು ಬರೆದೆ: "ಇವತ್ತು ಹಾಲು ಒಡೆಯಲಿಲ್ಲ." ಬರೆದು ಕಣ್ಣಿಗೊತ್ತಿಕೊಂಡೆ. ಸಾವಿರ ನಾಮ ಬರೆದರೂ ಬಾರದ ಭಕ್ತಿ ಆ ಮೂರು ಪದಗಳಿಗೆ ಬಂತು. ಸುಳ್ಳು ಯಾಕೆ ಹೇಳಲಿ?

ಅಲ್ಲಿಂದ ದಿನಾ ಅದೇ ಆಯಿತು, ದೇವಿ ಮಾಡಿದ ಒಂದೊಂದು ಉಪಕಾರ. ಸೀಮೆಎಣ್ಣೆ ಸಿಕ್ಕಿತು. ಬೋಟು ತಪ್ಪಲಿಲ್ಲ. ದೋಸೆ ಕಾವಲಿಯಿಂದ ಎದ್ದು ಬಂತು. ಅಮ್ಮನ ಕಾಗದ ಬಂತು, ಅದರಲ್ಲಿ ಯಾರೂ ಸತ್ತಿರಲಿಲ್ಲ.

ನಮ್ಮವರು ಒಮ್ಮೆ ಹಿಂದಿನಿಂದ ಬಗ್ಗಿ ಓದಿದರು. "ಎಂತ ಮಾರಾಯ್ತಿ ಇದು? ದೇವರಿಗೆ ಬರೆದದ್ದೋ, ರೇಶನ್ ಅಂಗಡಿಯವನಿಗೆ ಬರೆದದ್ದೋ?"

"ದೇವರಿಗೇ. ದಿನಾ ಅದೇ ಹೆಸರು ಕೇಳಿ ಕೇಳಿ ಅವಳಿಗೂ ಸಾಕಾಗಿರ್ತದೆ."

"ಹಾಗಾದರೆ ನಾಳೆಯ ತೊಂಡೆಕಾಯಿ ಪಲ್ಯದ ಬಗ್ಗೆ ಬರೆಯಬೇಡ. ಅವಳಿಗೆ ಬೇಜಾರಾದೀತು."

ಹಾಸ್ಯ ಮಾಡಿದರೂ ಕಾಗದ ತಂದುಕೊಟ್ಟವರು ಅವರೇ. ಕಚೇರಿಯಲ್ಲಿ ರದ್ದಿಗೆ ಹಾಕಿದ ಹಳೆಯ ನಕಾಶೆಯ ಹಾಳೆ, ಚಾಪೆಯಷ್ಟು ದೊಡ್ಡದು, ರಟ್ಟಿನಂತೆ ದಪ್ಪ. ಒಂದು ಬದಿಯಲ್ಲಿ ಸಮುದ್ರ, ಇನ್ನೊಂದು ಬದಿ ಖಾಲಿ. ಅಷ್ಟು ಅಗಲದ ಹಾಳೆಯಲ್ಲಿ ಈ ತುದಿಯಿಂದ ಆ ತುದಿಗೆ ಬರೆಯುತ್ತಾ ಹೋದರೆ ನನ್ನ ಸಾಲು ಇಳಿಜಾರಿನಲ್ಲಿ ಬಿಟ್ಟ ಗಾಡಿಯಂತೆ ಕೆಳಕ್ಕೆ ಓಡುತ್ತಿತ್ತು. ಓಡುವುದೇ ಆದರೆ ಚಂದಕ್ಕೆ ಓಡಲಿ ಎಂದುಕೊಂಡೆ. ಗೋಡೆಯ ಕ್ಯಾಲೆಂಡರಿನಲ್ಲಿ ಅನ್ನಪೂರ್ಣೇಶ್ವರಿ ಇದ್ದಳು, ಒಂದು ಕೈಯಲ್ಲಿ ಪಾತ್ರೆ, ಒಂದು ಕೈಯಲ್ಲಿ ಸೌಟು. ಕಸೂತಿಯ ನಮೂನೆಗೆ ಚೌಕ ಹಾಕಿ ದೊಡ್ಡದು ಮಾಡುವ ಹಾಗೆ ಅವಳನ್ನು ಪೆನ್ಸಿಲಿನಲ್ಲಿ ಹಾಳೆಗೆ ಇಳಿಸಿದೆ. ಆ ಗೆರೆಗಳ ಮೇಲೆ, ಗೆರೆಗಳ ಒಳಗೆ ನನ್ನ ದಿನಗಳನ್ನು ಬರೆಯಲು ತೊಡಗಿದೆ.

ಬೇರೆ ಗೆರೆ ಒಂದೂ ಇಲ್ಲ, ಇದ್ದದ್ದೆಲ್ಲ ಅಕ್ಷರವೇ. ಸಾಸಿವೆಯಷ್ಟು ಸಣ್ಣ ಅಕ್ಷರ. ಎಲ್ಲಿ ನೆರಳು ಬೇಕೋ ಅಲ್ಲಿ ಒತ್ತಾಗಿ ಬರೆಯುವುದು, ಎಲ್ಲಿ ಬೆಳಕು ಬೇಕೋ ಅಲ್ಲಿ ಬಿಡಿಬಿಡಿಯಾಗಿ. ಸೀರೆಯ ನೆರಿಗೆ ಹೋದ ಕಡೆಗೆ ಸಾಲೂ ಹೋಗಬೇಕು. ನೆರಿಗೆ ಮೊಣಕಾಲಿನ ಹತ್ತಿರ ಮಡಚಿದರೆ ವಾಕ್ಯವೂ ಮಡಚಬೇಕು. ಸೆರಗು ತೋಳಿನ ಹಿಂದೆ ಹೋದರೆ ವಾಕ್ಯವೂ ತೋಳಿನ ಹಿಂದೆ ಹೋಗಿ ಆಚೆಯಿಂದ ಹೊರಗೆ ಬರಬೇಕು. ಬರೆಯುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ದಿನ ದೊಡ್ಡದಿದ್ದು ಜಾಗ ಸಣ್ಣದಿದ್ದರೆ ಉಪಕಾರವನ್ನು ಗಿಡ್ಡ ಮಾಡಬೇಕು. ಸೊಂಟದ ಪಟ್ಟಿ ಉದ್ದ, ಅದನ್ನು ತುಂಬಿಸಲು ಅತ್ತೆಯವರು ಬಂದು ಹೋದದ್ದನ್ನು ವಿಸ್ತಾರವಾಗಿ ಬರೆದೆ. ಬಂದದ್ದೂ ಉಪಕಾರ, ಹೋದದ್ದೂ ಉಪಕಾರ. ಮೂಗುತಿಗೆ ಒಂದು ಪೂರ್ಣವಿರಾಮ ಸಾಕಾಯಿತು. ಕಣ್ಣುಗಳ ಬಗ್ಗೆ ವಾರಗಟ್ಟಲೆ ತಲೆ ಕೆಡಿಸಿಕೊಂಡೆ. ಕೊನೆಗೆ ಒಂದರಲ್ಲಿ "ಎದ್ದೆ" ಎಂದೂ ಇನ್ನೊಂದರಲ್ಲಿ "ಎದ್ದರು" ಎಂದೂ ಬರೆದೆ. ಬೆಳಿಗ್ಗೆ ನಾನು ಎದ್ದೆ, ಅವರೂ ಎದ್ದರು. ಇದಕ್ಕಿಂತ ಮೊದಲಿನ ಉಪಕಾರ ಯಾವುದುಂಟು?

ಹತ್ತಿರ ಹೋದರೆ ಅಕ್ಷರ, ದೂರ ಹೋದರೆ ದೇವಿ. ನಡುವೆ ಒಂದು ಜಾಗ ಉಂಟು, ಅಲ್ಲಿ ನಿಂತರೆ ಎರಡೂ ಇಲ್ಲ. ನಮ್ಮವರು ಯಾವಾಗಲೂ ಸರಿಯಾಗಿ ಅಲ್ಲಿಯೇ ನಿಲ್ಲುತ್ತಿದ್ದರು. "ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಉಂಟು" ಎನ್ನುತ್ತಿದ್ದರು. ಎರಡು ಹೆಜ್ಜೆ ಹಿಂದೆ ಹೋಗಿ ಎಂದರೆ ಗೋಡೆ ತಾಗುತ್ತಿತ್ತು. ನಮ್ಮ ಕೋಣೆ ಅಷ್ಟೇ ಇದ್ದದ್ದು. ಹಾಗಾಗಿ ನನ್ನ ದೇವಿಯನ್ನು ನಾನು ಮೊದಲ ಸಲ ಪೂರ್ತಿಯಾಗಿ ಕಂಡದ್ದು ಕೊಚ್ಚಿಯಲ್ಲಿ ಅಲ್ಲ, ತಿರುವನಂತಪುರದಲ್ಲಿ.

ಅಲ್ಲಿಗೆ ವರ್ಗವಾದಾಗ ಪಾತ್ರೆಗಳನ್ನು ಗೋಣಿಯಲ್ಲಿ ಕಟ್ಟಿದೆವು. ಹಾಳೆಯನ್ನು ಸುರುಳಿ ಸುತ್ತಿ, ನಮ್ಮವರ ಪಂಚೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಇಡೀ ದಾರಿ ನನ್ನ ಮಡಿಲಲ್ಲಿ ಇಟ್ಟುಕೊಂಡೆ. ಮಗುವನ್ನು ಅವರ ಮಡಿಲಿಗೆ ಕೊಟ್ಟಿದ್ದೆ. ಕೋಟೆಯ ಹತ್ತಿರ ಒಂದು ಮನೆ ಸಿಕ್ಕಿತು, ಸಿಹಿನೀರಿನ ಬಾವಿ. ಅದನ್ನೂ ಬರೆದೆ, ದೇವಿಯ ಪಾದದ ಗೆಜ್ಜೆಯಲ್ಲಿ. ಅಲ್ಲಿಗೆ ಹಾಳೆ ತುಂಬಿತು.

ನಮ್ಮ ಬೀದಿಯ ಹೆಂಗಸರ ಸಮಾಜ ನವರಾತ್ರಿಗೆ ಕರಕುಶಲ ಪ್ರದರ್ಶನ ಮಾಡುತ್ತಿತ್ತು. ಪೂಜೆಯ ರಜೆಯಲ್ಲಿ ಶಾಲೆಯ ದೊಡ್ಡ ಹಾಲ್ ಖಾಲಿ ಇರುತ್ತದಲ್ಲ, ಅಲ್ಲಿ. ಸೆಕ್ರೆಟರಿ ಭಾರ್ಗವಿಯಮ್ಮ. ಗಟ್ಟಿ ಹೆಂಗಸು, ಒಳ್ಳೆಯ ಹೆಂಗಸು, ಅವರ ಕೈಯಲ್ಲಿ ಯಾವಾಗಲೂ ಒಂದು ಸುತ್ತಿಗೆ. ನಾನು ಸುರುಳಿ ಬಿಚ್ಚಿದಾಗ ಅವರು ಎರಡೂ ಕೈ ಜೋಡಿಸಿದರು.

"ಅಯ್ಯೋ ಮೋಳೆ, ಎಷ್ಟು ಮಂತ್ರ!" ಎಂದರು ಮಲಯಾಳದಲ್ಲಿ.

"ಮಂತ್ರ ಅಲ್ಲ ಚೇಚಿ, ಮನೆಯ ಸಂಗತಿ" ಎಂದು ನನಗೆ ಬರುವ ಮಲಯಾಳದಲ್ಲಿ ಹೇಳಿದೆ. ಮೋಳೆ ಎಂದರೆ ಅಲ್ಲಿ ಮಗಳೇ, ಚೇಚಿ ಎಂದರೆ ಅಕ್ಕ. ಅಷ್ಟರಲ್ಲಿ ಅವರು ಮೊಳೆ ಹೊಡೆಯಲು ಶುರುಮಾಡಿದ್ದರು. ಕೇಳಿಸಿತೋ ಇಲ್ಲವೋ. ನಾನು ಹೇಳಿದ್ದಂತೂ ಹೌದು.

ಚಿತ್ರಗಳ ವಿಭಾಗದಲ್ಲಿ, ಕ್ರೋಶಾ ಹೆಣಿಗೆಯ ಗಿಳಿಗಳ ಪಕ್ಕದಲ್ಲಿ ತೂಗುಹಾಕಿದರು. ನಾನು ಹಾಲಿನ ಈ ತುದಿಗೆ ಬಂದು ತಿರುಗಿ ನೋಡಿದೆ. ಅಕ್ಷರಗಳೆಲ್ಲ ಎಲ್ಲಿ ಹೋದವೋ. ಅವಳು ಕೂತಿದ್ದಳು, ಸೌಟು ಹಿಡಿದು, ಬಡಿಸಲು ತಯಾರಾಗಿ. ನಾನು ಅಲ್ಲೇ ಕೈಮುಗಿದೆ. ನಾನು ಮಾಡಿದ್ದು ಎಂಬ ಹೆಮ್ಮೆಗಲ್ಲ. ಇಷ್ಟು ಸಣ್ಣ ಸಣ್ಣ ವಿಷಯಗಳಿಂದ ಇಷ್ಟು ದೊಡ್ಡವಳು ಆದಳಲ್ಲ ಎಂದು.

ಅಷ್ಟಮಿಯ ಸಂಜೆ ಪ್ರದರ್ಶನ ಶುರು. ಆ ಸಂಜೆಯೇ ಮನೆಮನೆಯಲ್ಲಿ ಪುಸ್ತಕ, ಪೆನ್ನು ಎಲ್ಲ ದೇವರ ಮುಂದೆ ಪೂಜೆಗೆ ಇಡುವುದು. ಇಟ್ಟ ಮೇಲೆ ವಿಜಯದಶಮಿಯ ಬೆಳಿಗ್ಗೆ ತೆಗೆಯುವವರೆಗೆ ಒಂದಕ್ಷರ ಓದುವಂತಿಲ್ಲ, ಬರೆಯುವಂತಿಲ್ಲ. ಅಲ್ಲಿ ಇದು ಬಹಳ ಕಟ್ಟುನಿಟ್ಟು. ಮಕ್ಕಳಿಗೆ ಇಡೀ ವರ್ಷದಲ್ಲಿ ಇಷ್ಟವಾದ ವ್ರತ ಇದೊಂದೇ. ನಾನೂ ನನ್ನ ಪೆನ್ನನ್ನು, ಶಾಯಿಬಾಟಲಿಯನ್ನು ಪೂಜೆಗಿಟ್ಟು ಹಾಲಿಗೆ ಹೋದೆ.

ಸುಮತಿಯಕ್ಕ ಬಂದರು. ಅವರೂ ಕಾಸರಗೋಡಿನವರು, ಅವರ ಯಜಮಾನರು ಸರಕಾರದ ವಕೀಲಿ ಕೆಲಸಕ್ಕಾಗಿ ತಿರುವನಂತಪುರಕ್ಕೆ ಬಂದವರು. ಆ ಬೀದಿಯಲ್ಲಿ ಕನ್ನಡ ಓದಬಲ್ಲ ಹೆಂಗಸರು ಎಂದರೆ ನಾವಿಬ್ಬರೇ. ಊರಿನವರು ಎಂದು ನನಗೆ ಅವರ ಮೇಲೆ ಪ್ರೀತಿ, ಸ್ವಲ್ಪ ಹೆದರಿಕೆಯೂ ಇತ್ತು. ಅವರು ದೂರದಿಂದ ಕೈಮುಗಿದುಕೊಂಡೇ ಬಂದರು. ಹತ್ತಿರ ಬಂದರು. ಕನ್ನಡ ಕಂಡು ಮುಖ ಅರಳಿತು. ಕನ್ನಡಕ ಹಾಕಿದರು. ದೇವಿಯ ಹೊಟ್ಟೆಯ ನೇರಕ್ಕೆ ಅವರ ಮುಖ ಇತ್ತು. ಅವರು ಅಲ್ಲಿಂದ ಓದಲು ತೊಡಗಿದರು. ನೋಡುತ್ತಿದ್ದ ಹಾಗೆ ಅರಳಿದ್ದ ಮುಖ ಮುದುಡಿತು.

"ದೇವಕೀ, ಇಲ್ಲಿ ಬಾ. ಇದೆಂತದು ಬರೆದದ್ದು?"

"ಎಲ್ಲಿ ಅಕ್ಕ?"

"ಇಲ್ಲಿ. 'ತ್ರೇಸ್ಯಾ ಮೀನಿನ ಹುಳಿ ಹದವಾಗಿ ಬಂತು.' ಶಿವ ಶಿವಾ! ಅನ್ನಪೂರ್ಣೆಯ ಹೊಟ್ಟೆಯ ಮೇಲೆ ಮೀನಿನ ಹುಳಿಯಾ?"

ಭಾರ್ಗವಿಯಮ್ಮ ಸುತ್ತಿಗೆ ಹಿಡಿದುಕೊಂಡೇ ಓಡಿ ಬಂದರು. ಸುಮತಿಯಕ್ಕ ಅವರಿಗೆ ಮಲಯಾಳದಲ್ಲಿ ಬಿಡಿಸಿ ಹೇಳಿದರು: ಇದು ಮಂತ್ರವಲ್ಲ, ಹಾಲು, ಸೀಮೆಎಣ್ಣೆ, ದೋಸೆ, ಈಗ ಮೀನು. ಭಾರ್ಗವಿಯಮ್ಮನ ಮುಖವೂ ಸಣ್ಣದಾಯಿತು. ಅವರ ಮನೆಯಲ್ಲಿ ಮೀನು ಮಾಡುತ್ತಿದ್ದರು, ಅದಲ್ಲ ವಿಷಯ. ಅವರಂಥವರೂ ನವರಾತ್ರಿಯಲ್ಲಿ ಬಿಡುತ್ತಿದ್ದರು. ಮರುದಿನ ನವಮಿಗೆ ಯಾರೋ ದೊಡ್ಡ ಅಧಿಕಾರಿಯ ಹೆಂಡತಿ ಅತಿಥಿಯಾಗಿ ಬರುವವರಿದ್ದರು.

"ನಮ್ಮ ಮಾನ ತೆಗೆದೆ ನೀನು" ಎಂದರು ಸುಮತಿಯಕ್ಕ. "ಕನ್ನಡದವರು ಅಂದರೆ ಇವರಿಗೆ ಮೊದಲೇ ಅಷ್ಟಕ್ಕಷ್ಟೆ. ಕನ್ನಡದಲ್ಲಿ ಬರೆಯಲಿಕ್ಕೆ ನಿನಗೆ ಇದೇ ಸಿಕ್ಕಿದ್ದಾ? ಒಂದು ಕೆಲಸ ಮಾಡು. ಇವತ್ತೇ ಮನೆಗೆ ತಕ್ಕೊಂಡು ಹೋಗಿ, ಹೊಟ್ಟೆಯ ಭಾಗದಲ್ಲಿ ದಪ್ಪ ಶಾಯಿಯಲ್ಲಿ ದೇವಿಯ ನಾಮ ಬರೆದುಬಿಡು. ಕೆಳಗಿನದು ಮುಚ್ಚಿಹೋಗ್ತದೆ. ಯಾರಿಗೂ ಗೊತ್ತಾಗುವುದಿಲ್ಲ."

ಸುಮತಿಯಕ್ಕ ಅದನ್ನೂ ಮಲಯಾಳದಲ್ಲಿ ತಿಳಿಸಿದ ಮೇಲೆ, "ಅದೇ ಒಳ್ಳೆಯದು ಮೋಳೆ" ಎಂದರು ಭಾರ್ಗವಿಯಮ್ಮ. "ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಇಳಿಸಬೇಕಾಗ್ತದೆ."

ನಾನು ಮದುವೆಯಾಗಿ ಬಂದ ಮೇಲೆ ಹಿರಿಯರಿಗೆ ಎದುರು ಮಾತಾಡಿದವಳಲ್ಲ. ಅವತ್ತು ನಾಲಿಗೆಗೆ ಯಾರು ಬಂದು ಕೂತರೋ.

"ನನ್ನ ಪೆನ್ನು ಪೂಜೆಯಲ್ಲುಂಟು ಅಕ್ಕ. ದಶಮಿಯವರೆಗೆ ಬರೆಯುವ ಹಾಗಿಲ್ಲ."

"ಇದು ಬರೆಯುವುದಾ? ಇದು ಚಿತ್ರ. ಚಿತ್ರ ಬಿಡಿಸಲಿಕ್ಕೆ ದೋಷ ಇಲ್ಲ. ನೀನೇ ಚಿತ್ರಗಳ ಸಾಲಿನಲ್ಲಿ ಹಾಕಿದ್ದೀ."

"ಚಿತ್ರವಾದರೆ ನೀವು ಓದಿದ್ದು ಎಂತದನ್ನು?"

ಸುಮತಿಯಕ್ಕ ಮತ್ತೆ ದೇವಿಯ ಹೊಟ್ಟೆಯ ಕಡೆಗೆ ತಿರುಗಿದರು.

"ಬರವಣಿಗೆ ಅಂತಾದರೆ" ಎಂದೆ, ಬಿಡಲಿಲ್ಲ ನಾನು, "ನೀವೂ ಪುಸ್ತಕ ಪೂಜೆಗಿಟ್ಟೇ ಬಂದದ್ದಲ್ಲವಾ? ಇವತ್ತು ಓದಿದ್ದು ಹೇಗೆ? ಚಿತ್ರ ಅಂತಾದರೆ ಅದರಲ್ಲಿ ಮೀನು ಇಲ್ಲ, ಹುಳಿ ಇಲ್ಲ, ಬರೀ ದೇವಿ. ಎರಡರಲ್ಲಿ ಯಾವುದೆಂದು ನೀವೇ ಹೇಳಿ. ಆಮೇಲೆ ಇಳಿಸಿ."

ಭಾರ್ಗವಿಯಮ್ಮನಿಗೆ ಕನ್ನಡ ತಿಳಿಯದು. ಆದರೆ ಯಾರು ಗೆಲ್ಲುತ್ತಿದ್ದಾರೆ ಎಂದು ತಿಳಿಯಲು ಭಾಷೆ ಬೇಕಾಗಿಲ್ಲ. ಅವರು ಸುತ್ತಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಸುಮತಿಯಕ್ಕ ಕನ್ನಡಕ ತೆಗೆದು ಚೀಲಕ್ಕೆ ಹಾಕಿ, "ನಾಲಗೆ ಉದ್ದ ಆಗಿದೆ" ಎಂದಷ್ಟೇ ಹೇಳಿ ಹೊರಟುಹೋದರು.

ಮನೆಗೆ ಬಂದು ಅಕ್ಕಿ ತೊಳೆಯುವಾಗ ನನಗೆ ಹೊಳೆಯಿತು. ತ್ರೇಸ್ಯಾಳ ಕೈಯಡುಗೆಯನ್ನು ನಾನು ಉಂಡದ್ದೇ ಇಲ್ಲ! ಅವಳ ಹುಳಿಯ ಹದ ನನಗೆ ಹೇಗೆ ಗೊತ್ತಾಗಬೇಕು? ಸುಮತಿಯಕ್ಕ ಪುಸ್ತಕ ಓದುವ ಹಾಗೆ ಎಡದಿಂದ ಬಲಕ್ಕೆ ನೆಟ್ಟಗೆ ಓದಿದ್ದರು. ದೇವಿಯ ಹೊಟ್ಟೆಯ ಮೇಲೆ ಸೆರಗಿನ ಮಡಿಕೆಗಳು ಒಂದರ ಪಕ್ಕ ಒಂದು ಇಳಿಯುತ್ತವೆ. ಒಂದು ಮಡಿಕೆಯಲ್ಲಿ ತ್ರೇಸ್ಯಾಳ ದಿನ, ಪಕ್ಕದ ಮಡಿಕೆಯಲ್ಲಿ ನನ್ನ ಸೌತೆಕಾಯಿ ಹುಳಿಯ ದಿನ. ಅವರು ಈ ಮಡಿಕೆಯಿಂದ ಆ ಮಡಿಕೆಗೆ ಅಡ್ಡ ಹಾರಿ, ಅವಳ ಮೀನನ್ನು ನನ್ನ ಹುಳಿಗೆ ಹಾಕಿದ್ದರು.

ತ್ರೇಸ್ಯಾಳ ದಿನ ಯಾವುದೆಂದು ನಿಮಗೆ ಹೇಳುತ್ತೇನೆ. ಅವರಿಗೆ ಹೇಳಲಿಲ್ಲ.

ಕೊಚ್ಚಿಯಲ್ಲಿ ಶೈಲಾಳಿಗೆ ಟೈಫಾಯ್ಡ್ ಬಂತು. ಆಗಿನ ಕಾಲದಲ್ಲಿ ಆ ಹೆಸರು ಕೇಳಿದರೆ ಮನೆಯಲ್ಲಿ ಮಾತು ನಿಲ್ಲುತ್ತಿತ್ತು. ಡಾಕ್ಟರು ಔಷಧಿ ಕೊಟ್ಟರು, ಬಾರ್ಲಿ ನೀರು ಬಿಟ್ಟು ಬೇರೆ ಏನೂ ಕೊಡಬೇಡಿ ಎಂದರು. ಬಾರ್ಲಿ ನೀರನ್ನು ಅವಳು ಕಂಡರೆ ಸಾಕು, ಹಲ್ಲು ಕಚ್ಚುತ್ತಿದ್ದಳು. ಹೇಗೋ ಕುಡಿಸಿದರೆ ಓಣಿಯಿಂದ ಮೀನಿನ ವಾಸನೆ ಬಂದು ಎಲ್ಲ ಹೊರಗೆ. ಮಗು ಹಾಸಿಗೆಯ ಬಟ್ಟೆಯ ಬಣ್ಣಕ್ಕೆ ತಿರುಗಿತು. ಎತ್ತಿಕೊಂಡರೆ ತೂಕವೇ ಇಲ್ಲ. ನಾನು ಅಂಗಳದಲ್ಲಿ ನಿಂತು ಅಳುವುದನ್ನು ತ್ರೇಸ್ಯಾ ನೋಡಿದಳು. ಏನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಅವಳು ಒದ್ದೆ ಮೀನಿನ ಚಾಪೆಗಳನ್ನು ಒಂದೊಂದಾಗಿ ಎಳೆದುಕೊಂಡು, ಬಿಸಿಲಿನಲ್ಲಿ, ಕಾಲುವೆ ನೀರಿನ ಆಚೆ ಬದಿಗೆ ಹೋಗುತ್ತಿದ್ದಳು. ಆ ದಿನ ವಾಸನೆ ಬರಲಿಲ್ಲ. ಆ ದಿನ ಮಗುವಿನ ಹೊಟ್ಟೆಯಲ್ಲಿ ಏನೋ ಸ್ವಲ್ಪ ನಿಂತಿತು. ಆ ಸಂಜೆ ಬರೆದ ಸಾಲು ಅದು. ಹೊಟ್ಟೆಯ ಮೇಲಲ್ಲದೆ ಅದನ್ನು ಬೇರೆಲ್ಲಿ ಬರೆಯಲಿ?

ಅದರ ಮೇಲೆ ದಪ್ಪ ಶಾಯಿ ಹಚ್ಚಬೇಕಂತೆ, ದೇವಿಯ ಹೆಸರಿನಲ್ಲಿ.

ನಮ್ಮವರಿಗೆ ನಡೆದದ್ದೆಲ್ಲ ಹೇಳಿದೆ. "ಅಷ್ಟೇ ತಾನೆ?" ಎಂದರು. "ನಾಳೆ ಹೋಗಿ, ಹಾಗಲ್ಲ ಹೀಗೆ ಓದಬೇಕು ಅಂತ ಹೇಳಿಬಿಡು ಮಾರಾಯ್ತಿ. ಮುಗೀತು."

"ಹೇಳುವುದಿಲ್ಲ."

"ಯಾಕೆ?"

"ನಾನು ಹೇಳಿದರೆ, ಅಯ್ಯೋ ಮೀನಿನ ಹುಳಿ ಅಲ್ಲವಾ, ಹಾಗಾದರೆ ಇರಲಿ ಅಂತಾರೆ. ಮೀನಿನ ಹುಳಿಯೇ ಆಗಿದ್ದರೆ ಇಳಿಸಬಹುದಿತ್ತು ಅಂತ ನಾನು ಒಪ್ಪಿದ ಹಾಗಾಗುವುದಿಲ್ಲವಾ? ತ್ರೇಸ್ಯಾ ನನ್ನ ಮಗುವಿಗೋಸ್ಕರ ಚಾಪೆ ಎಳೆದವಳು. ಅವಳ ಹುಳಿ ಹದವಾಗಿ ಬಂದರೆ ಅದೂ ಉಪಕಾರವೇ. ಅದನ್ನೂ ಬರೆಯುತ್ತಿದ್ದೆ."

"ಮತ್ತೆ ನನ್ನ ತೊಂಡೆಕಾಯಿ ಪಲ್ಯ ಬರೆದಿದ್ದೀಯಾ?" ಎಂದು ಕೇಳಿದರು. ಬರೆದಿದ್ದೆ, ಮೊಣಕೈಯ ಹತ್ತಿರ.

ನವಮಿಯ ಬೆಳಿಗ್ಗೆ ಉಪವಾಸದಲ್ಲೇ ಹಾಲಿಗೆ ಹೋದೆ. ದೇವಿಯನ್ನು ಇಳಿಸಿರಲಿಲ್ಲ. ನವರಾತ್ರಿಯ ನಡುವೆ ದೇವಿಯ 'ಚಿತ್ರ'ವನ್ನು ಇಳಿಸಲು ಭಾರ್ಗವಿಯಮ್ಮನಿಗೆ ಕೈ ಬಂದಿರಲಿಲ್ಲ. ಆದರೆ ಕತ್ತಿನಿಂದ ಮೊಣಕಾಲಿನವರೆಗೆ ಒಂದು ಕ್ರೋಶಾದ ಬಟ್ಟೆ ತೂಗುಹಾಕಿದ್ದರು. ಎರಡು ಗಿಳಿ, ನಡುವೆ ಒಂದು ಹೂಬುಟ್ಟಿ. ಅನ್ನಪೂರ್ಣೆ ಶೀತಕ್ಕೆ ಶಾಲು ಹೊದ್ದವಳ ಹಾಗೆ ಕಾಣುತ್ತಿದ್ದಳು. ನಾನು ಆ ಬಟ್ಟೆಯನ್ನು ತೆಗೆದೆ. ಹರಿಯದ ಹಾಗೆ ಮಡಚಿದೆ, ಪಾಪ ಯಾರೋ ತಿಂಗಳುಗಟ್ಟಲೆ ಹೆಣೆದದ್ದು. ಪಕ್ಕದ ಗಿಳಿಗಳ ಸಾಲಿನಲ್ಲಿ ಅದರ ಜಾಗಕ್ಕೇ ಇಟ್ಟೆ. ಒಂದು ಕುರ್ಚಿ ಎಳೆದು, ದೇವಿಯ ಪಕ್ಕದಲ್ಲಿ ಕೂತೆ. ಶೈಲಾ ಕಾಲ ಬುಡದಲ್ಲಿ ಕೂತಳು.

"ಮನೆಗೆ ಹೋಗುವಾ ಮಗಾ?" ಎಂದು ನಡುವೆ ಕೇಳಿದೆ.

"ವೇಂಡ" ಎಂದಳು. ಬೇಡವಂತೆ. ನಾನು ಎಷ್ಟು ಕನ್ನಡದಲ್ಲಿ ಕೇಳಿದರೂ ಅವಳ ಉತ್ತರ ಮಲಯಾಳದಲ್ಲೇ. ಆ ದಿನ ಯಾವ ಭಾಷೆಯಲ್ಲಾದರೂ ಆ ಮಾತು ನನಗೆ ಸಾಕಿತ್ತು.

ಭಾರ್ಗವಿಯಮ್ಮ ಮೂರು ಸಲ ಹತ್ತಿರ ಬಂದರು. ಮೂರು ಸಲವೂ ನಾನು ಎದ್ದು ನಿಂತು ನಮಸ್ಕಾರ ಮಾಡಿ ಮತ್ತೆ ಕೂತೆ. ಮರ್ಯಾದೆ ಕೊಡುವುದನ್ನು ಬಿಡಬಾರದು, ಜಾಗ ಬಿಡುವುದು ಬೇರೆ ವಿಷಯ.

ಅತಿಥಿ ಬಂದರು. ರೇಷ್ಮೆ ಸೀರೆ, ಹಿಂದೆ ಹತ್ತಿಪ್ಪತ್ತು ಹೆಂಗಸರು. ಚಿತ್ರದ ಮುಂದೆ ನಿಂತು ಕೈಮುಗಿದರು. "ಇದು ಯಾವ ಮಂತ್ರ?" ಎಂದು ಕೇಳಿದರು. ಭಾರ್ಗವಿಯಮ್ಮ ನನ್ನನ್ನೇ ನೋಡುತ್ತಿದ್ದರು, ಒಂದು ಸುಳ್ಳು ಹೇಳು ಮಾರಾಯ್ತಿ ಎನ್ನುವ ಹಾಗೆ.

"ಮಂತ್ರ ಅಲ್ಲ" ಎಂದೆ. "ನಮ್ಮ ಮನೆಯಲ್ಲಿ ನಡೆದದ್ದು. ಹಾಲು ಒಡೆಯದೆ ಇದ್ದದ್ದು, ಜ್ವರ ಇಳಿದದ್ದು. ಅವಳು ಕೊಟ್ಟದ್ದನ್ನು ಅವಳ ಮೈಮೇಲೆಯೇ ಬರೆದಿದ್ದೇನೆ."

"ಓ" ಎಂದರು ಆ ಅಮ್ಮ. ಇನ್ನೊಮ್ಮೆ ನೋಡಿದರು. ಮೆಚ್ಚಿದರೋ, ಗಾಬರಿಯಾದರೋ, ಹಸಿವಾಗಿತ್ತೋ ನನಗೆ ತಿಳಿಯಲಿಲ್ಲ. ಮುಂದೆ ಹೋಗಿ ಗಿಳಿಗಳನ್ನು ಬಹಳ ಹೊಗಳಿದರು. ಬಹುಮಾನವೂ ಗಿಳಿಗಳಿಗೇ ಹೋಯಿತು. ನನಗೇನೂ ಬೇಸರವಾಗಲಿಲ್ಲ ಎಂದರೆ ಅದು ಪೂರ್ತಿ ನಿಜವಲ್ಲ. ಗಿಳಿಗಳ ಕಾಲು ಸರಿಯಿರಲಿಲ್ಲ ಎಂದು ಈಗಲೂ ನನ್ನ ಅಭಿಪ್ರಾಯ.

ಹಿಂದೆ ಬಂದ ಹೆಂಗಸರಲ್ಲಿ ಕೆಲವರು ಮಾತ್ರ ಅಲ್ಲೇ ನಿಂತರು. ಒಬ್ಬಳು ಸೌಟನ್ನು ತೋರಿಸಿ, "ಇಲ್ಲಿ ಎಂತ ಬರೆದದ್ದು ಚೇಚಿ?" ಎಂದು ಕೇಳಿದಳು. ಸೌಟಿನಲ್ಲಿ ಬರೆದದ್ದು, ಸಾಲ ತೀರಿದ ಮೇಲೆ ಮೊದಲ ಸಲ ಪಾಯಸ ಮಾಡಿದ ದಿನ. ಹೇಳಿದೆ. ಅವಳು ನಕ್ಕಳು. ಗಂಡನ ಊರಿನ ಬಗ್ಗೆ ಏನೋ ಹೇಳಿದಳು, ನನಗೆ ಅರ್ಧ ತಿಳಿಯಿತು. ಅವಳ ಸೌಟಿಗೂ ಬರೆಯಲು ಏನೋ ಇತ್ತು ಎಂಬುದಂತೂ ತಿಳಿಯಿತು.

ವಿಜಯದಶಮಿಯ ದಿನ ಬೆಳಿಗ್ಗೆ ಪುಸ್ತಕಗಳನ್ನು ಪೂಜೆಯಿಂದ ತೆಗೆದು ಎಲ್ಲರೂ ಮೊದಲು ಒಳ್ಳೆಯದು ಏನಾದರೂ ಓದುವುದು ಪದ್ಧತಿ. ಅವತ್ತೇ ಪ್ರದರ್ಶನದ ಕೊನೆ. ನಾನು ಶೈಲಾಳನ್ನು ಕರಕೊಂಡು ಬೇಗ ಹೋಗಿ ನನ್ನ ಕುರ್ಚಿಯಲ್ಲಿ ಕೂತಿದ್ದೆ. ಹಾಲಿನಲ್ಲಿ ಇನ್ನೂ ಬೇರೆ ಯಾರೂ ಇರಲಿಲ್ಲ. ಸುಮತಿಯಕ್ಕ ಬಂದರು. ನನ್ನ ಕಡೆ ನೋಡಲಿಲ್ಲ. ನೆಟ್ಟಗೆ ದೇವಿಯ ಮುಂದೆ ಹೋಗಿ ನಿಂತು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡರು.

"ಇವತ್ತು ಓದಬಹುದಲ್ಲ?" ಎಂದರು ಗೋಡೆಗೆ ಹೇಳುವ ಹಾಗೆ.

"ಇವತ್ತು ಓದಬಹುದು."

"ಮೊನ್ನೆಯಿಂದ ತಲೆಯಲ್ಲಿ ಅದೇ ಕೊರೀತಾ ಉಂಟು. ಮೀನು ತಿನ್ನದವಳಿಗೆ ಅದರ ಹುಳಿಯ ಹದ ಗೊತ್ತಾಗುವುದು ಹೇಗೆ?"

ಅವರು ಬೆರಳಿಟ್ಟು ಓದಿದರು. ಮತ್ತೆ ಅದೇ ತಪ್ಪು, ಎಡದಿಂದ ಬಲಕ್ಕೆ. ತಲೆ ಅಲ್ಲಾಡಿಸಿ ಇನ್ನೊಮ್ಮೆ ಶುರುಮಾಡಿದರು. ನನಗೆ ನಾಲಿಗೆಯ ತುದಿಗೆ ಬಂದಿತ್ತು. ವಿವರಿಸುವುದಿಲ್ಲ ಎಂದು ಹಟ ಹಿಡಿದವಳು ನಾನು; ಆದರೆ ಓದಲೆಂದೇ ಬಂದವರಿಗೆ ದಾರಿ ತೋರಿಸುವುದು ವಿವರಣೆಯಲ್ಲ.

"ಅಕ್ಕ, ಸೆರಗಿನ ಜೊತೆ ಹೋಗಿ."

ಅವರ ಬೆರಳು ನಿಂತಿತು. ಆಮೇಲೆ ನಿಧಾನವಾಗಿ ಮಡಿಕೆಯ ಜೊತೆ ಕೆಳಗಿಳಿಯಿತು. "ತ್ರೇಸ್ಯಾ ಮೀನಿನ ಚಾಪೆಗಳನ್ನು..." ಸೊಂಟದ ಹತ್ತಿರ ಸೆರಗು ತಿರುಗಿತು, ಅವರೂ ಕತ್ತು ತಿರುಗಿಸಿದರು. "...ನೀರಿನ ಆಚೆಗೆ ಎಳೆದುಕೊಂಡು ಹೋದಳು." ಸೆರಗು ತೋಳಿನ ಹಿಂದೆ ಹೋಯಿತು. ಅವರು ಎರಡು ಹೆಜ್ಜೆ ಸರಿದು ಆಚೆ ಬದಿಯಲ್ಲಿ ಅದನ್ನು ಹುಡುಕಿದರು. ದಪ್ಪ ದೇಹ, ಬಗ್ಗಲು ಕಷ್ಟ, ನನ್ನ ಕುರ್ಚಿಯ ಬೆನ್ನು ಹಿಡಿದುಕೊಂಡು ಬಗ್ಗಿದರು. "ವಾಸನೆ ಬರಲಿಲ್ಲ. ಶೈಲಾ ಎರಡು ಚಮಚ ತೆಳಿ ಕುಡಿದಳು. ಹೊಟ್ಟೆಯಲ್ಲಿ ನಿಂತಿತು."

ತೆಳಿ ಎಂದರೆ ಗಂಜಿಯ ನೀರು. ನಮ್ಮ ಕಡೆಯ ಮಾತು.

ಸುಮತಿಯಕ್ಕ ಬಗ್ಗಿದವರು ತಕ್ಷಣ ಏಳಲಿಲ್ಲ. ಕುರ್ಚಿಯ ಕಾಲಿಗೆ ಒರಗಿ ಕಿತ್ತಳೆಯ ಸೊಳೆ ತಿನ್ನುತ್ತಿದ್ದ ಹುಡುಗಿಯನ್ನು ನೋಡಿದರು. ಅವಳ ಗಲ್ಲದ ಮೇಲೆ ರಸ ಇಳಿದಿತ್ತು.

"ಇವಳೇನಾ?"

"ಹೌದು."

"ಎಂತ ಕಾಯಿಲೆ?"

"ಟೈಫಾಯ್ಡ್."

ಅವರು ಮಕ್ಕಳನ್ನು ಸಾಕಿದವರು. ಆ ಜ್ವರದಲ್ಲಿ ಏನು ಕೊಡಬಹುದು, ಏನು ಕೊಡಬಾರದು ಎಂದು ಅವರಿಗೆ ಗೊತ್ತಿತ್ತು. ಆ ಸಾಲಿನ ಕೊನೆಯ ಮೇಲೆ ಇನ್ನೂ ಅವರ ಬೆರಳು ಇತ್ತು. ನನ್ನ ಕಡೆ ತಿರುಗಿದರು. ಸ್ವರ ಸಣ್ಣದಾಗಿತ್ತು.

"ಅಲ್ಲ ದೇವಕೀ, ತೆಳಿ ಕೊಡಲಿಕ್ಕೆ ಡಾಕ್ಟರು ಹೇಳಿದ್ದರಾ?"

"ಇಲ್ಲ" ಎಂದೆ. "ಅದನ್ನು ದೇವಿಗೊಬ್ಬಳಿಗೇ ಹೇಳಿದ್ದು."